ಎಣ್ಣೆ ಅಂಗಡಿಯವಳು ಕಂಡ ಕಡಲಹಸು

ಸಿರುಗುಪ್ಪ

ನಮ್ಮ ತಾಲೂಕಿನಲ್ಲಿ ಪರದೇಶ ಕಂಡವರು ಯಾರೆಂದು ಹುಡುಕಿಕೊಂಡು ಡಾಕ್ಟರ ಮನೆಗೆ ಹೋಗಬೇಡಿ, ಸೀದಾ ಎಣ್ಣೆ ಅಂಗಡಿಗೆ ಬನ್ನಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ. ಭತ್ತಕ್ಕೆ, ಮೆಣಸಿನ ಗಿಡಕ್ಕೆ ಹೊಡೆಯುವ ಹುಳದ ಔಷಧಿಗೆ ನಮ್ಮ ರೈತರು ಎಣ್ಣೆ ಎನ್ನುತ್ತಾರೆ. ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ವಿಮಾನ ಹತ್ತಿಸಿ, ಊರು ತೋರಿಸಿ, ಶಾಲು ಹೊದಿಸಿ ಕಳಿಸುತ್ತಾರೆ. ತೆಕ್ಕಲಕೋಟೆಯಲ್ಲಿ ನಮಗೆ ಗೊತ್ತಿರುವ ಒಬ್ಬರು ದುಬೈ ನೋಡಿದ್ದಾರೆ, ಸಿಂಗಾಪುರ ನೋಡಿದ್ದಾರೆ, ಹತ್ತಿರದ ಹಂಪಿ ಮಾತ್ರ ಇನ್ನೂ ನೋಡಿಲ್ಲ.

ಈ ಸಲ ನಮ್ಮ ಅಂಗಡಿಗೆ ಥಾಯ್ಲೆಂಡ್ ಬಂತು. ಡೀಲರುಗಳ ಡಿಪ್ಲೊಮಾ ಪಾಸಾದವಳು ನಾನು, ಲೈಸೆನ್ಸು ನನ್ನ ಹೆಸರಿನಲ್ಲಿದೆ, ಹಾಗಾಗಿ ಟಿಕೆಟ್ಟೂ ನನ್ನ ಹೆಸರಿಗೇ ಬಂತು. ನಮ್ಮ ಮನೆಯವರಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. "ನೀನಽ ಹೋಗಿ ಬಾ ಸರೋಜಾ, ನೆಲ ಬಿಟ್ಟು ಹಾರೋದು ನನ್ನ ಕೈಲಿ ಆಗಂಗಿಲ್ಲ" ಎಂದು ಅಂಗಡಿಯ ಗಲ್ಲೆಯ ಮೇಲೆ ಇನ್ನೂ ಗಟ್ಟಿಯಾಗಿ ಕುಳಿತುಬಿಟ್ಟರು.

ನನಗೆ ಇದ್ದದ್ದು ಒಂದೇ ಚಿಂತೆ. ಕುರುಗೋಡಿಗೆ ಕೊಟ್ಟ ಮಗಳು ಅಶ್ವಿನಿ ಮೊದಲ ಬಸುರಿ. ಕುಬುಸ, ಅಂದರೆ ಸೀಮಂತ, ಆಗಿತ್ತು. ನಾನು ತಿರುಗಿ ಬಂದ ಕೂಡಲೇ ಅವಳನ್ನು ಹೆರಿಗೆಗೆ ಕರೆತರುವುದೆಂದು ಬೀಗರ ಮುಂದೆ ಮಾತಾಗಿತ್ತು. ನಮ್ಮದು ಮುಂದೆ ಅಂಗಡಿ, ಹಿಂದೆ ಗೋಡೌನು, ಗೋಡೌನಿನ ಮೇಲೆ ಮನೆ. ಬಾಣಂತಿಯ ಕೋಣೆಗೆ ಸುಣ್ಣ ಬಳಿಸಿ, ಹೊಸ ಮಂಚ ಹಾಕಿಸಿ, ಮಗುವಿಗೆ ಹಳೆಯ ಸೀರೆಯ ದುಪಟಿ ಹೊಲಿದು ಇಟ್ಟೇ ನಾನು ವಿಮಾನ ಹತ್ತಿದ್ದು.

ಬ್ಯಾಂಕಾಕ್

ಬಸ್ಸಿನ ತುಂಬ ಗಂಡಸರು, ನಡುವೆ ನಾನೊಬ್ಬಳೇ ಹೆಂಗಸು. ಎಲ್ಲರೂ ನನ್ನನ್ನು ಕಂಡು ಸಂಕೋಚಪಟ್ಟುಕೊಂಡು, ಸಂಜೆಯ ಕಾರ್ಯಕ್ರಮದ ಮಾತನ್ನು ಪಿಸುಪಿಸು ಆಡುತ್ತಿದ್ದರು. ನನ್ನ ಜೊತೆ ನೆಟ್ಟಗೆ ಮಾತಾಡಿದವರು ಬಳ್ಳಾರಿಯ ಖಾದರ್ ಭಾಯ್ ಮಾತ್ರ. ಅವರದು ದೊಡ್ಡ ಹೋಲ್‌ಸೇಲ್ ಅಂಗಡಿ, ನಾವು ಸಾಮಾನು ತರುವುದೇ ಅಲ್ಲಿಂದ. ಅವರಿಗೆ ತಿನ್ನುವುದರಲ್ಲಿ ಭಾರಿ ಆಸೆ. ಪ್ಲೇಟಿನಲ್ಲಿ ಸಿಗಡಿ ಕಂಡರೆ ಮಗುವಾಗಿಬಿಡುತ್ತಿದ್ದರು.

ಆ ಊರಿನಲ್ಲಿ ಪ್ರತಿ ಅಂಗಡಿಯ ಮುಂದೆಯೂ ಕಂಬದ ಮೇಲೊಂದು ಪುಟ್ಟ ದೇವರಮನೆ. ಜಾಗ ಕಾಯುವ ದೇವರಂತೆ. ಅದಕ್ಕೆ ಹೂವಿನ ಜೊತೆ ಕೆಂಪು ಸೋಡಾದ ಬಾಟಲಿ ನೈವೇದ್ಯ, ಬಾಟಲಿಯೊಳಗೆ ಕುಡಿಯಲು ಕೊಳವೆ ಬೇರೆ! ನಮ್ಮ ದೇವರಿಗೆ ಎಳನೀರು ಒಡೆದಿಡುತ್ತೇವೆ, ಹೇಗೆ ಕುಡಿಯುತ್ತಾನೆಂದು ಯಾರಾದರೂ ಯೋಚಿಸಿದ್ದೇವೆಯೇ? ನನಗೆ ಆ ಜನರ ಮೇಲೆ ಪ್ರೀತಿ ಹುಟ್ಟಿತು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದನ್ನು ಕಂಡಮೇಲಂತೂ ಇವರು ನಮ್ಮವರೇ ಅನಿಸಿತು.

ಅಷ್ಟರಲ್ಲಿ ಒಂದು ತಳ್ಳುಗಾಡಿ ಬಂತು. ಶೇಂಗಾ ಇರಬಹುದೆಂದು ಬಗ್ಗಿ ನೋಡಿದೆ. ಅಯ್ಯೋ ಶಿವನೇ! ಮಿಡತೆ, ಜೀರುಂಡೆ, ರೇಷ್ಮೆಹುಳ, ಎಲ್ಲವನ್ನೂ ಗರಿಗರಿ ಕರಿದು ಗುಡ್ಡೆ ಹಾಕಿದ್ದಾರೆ. ನಾವು ಎಣ್ಣೆ ಹೊಡೆದು ಕೊಲ್ಲುವುದನ್ನು ಇವರು ಎಣ್ಣೆಯಲ್ಲಿ ಬಿಟ್ಟು ತಿನ್ನುತ್ತಾರೆ. ನಾನು ಹಿಂದಕ್ಕೆ ಜಿಗಿದ ರಭಸಕ್ಕೆ ಖಾದರ್ ಭಾಯಿಯ ಕಾಲು ತುಳಿದೆ.

"ಯಾಕ್ ಹೆದರ್ತೀಯಕ್ಕಾ?" ಎಂದು ಅವರು ನಕ್ಕರು. "ಇಲ್ಲಿ ಅಂಗಡಿ ಹಾಕಿದ್ರ ನಾವು ಉಪಾಸ ಸಾಯ್ತಿದ್ವಿ ನೋಡು. ಹುಳ ಬಂದ್ರ ರೈತ ಖುಷಿಪಡ್ತಾನ!"

ಫುಕೆಟ್

ಕಡಲ ದಂಡೆಯ ಈ ಊರಿಗೆ ಬಂದ ಮರುದಿನ ಬೆಳಿಗ್ಗೆ ಖಾದರ್ ಭಾಯಿಯ ಹೆಬ್ಬೆರಳು ಟೊಮ್ಯಾಟೊ ಹಣ್ಣಿನ ಹಾಗೆ ಊದಿತ್ತು. ನಾನು ತುಳಿದದ್ದಕ್ಕೇ ಹೀಗಾಯಿತೆಂದು ನನಗೆ ಜೀವವೇ ಬಾಯಿಗೆ ಬಂತು. "ಅದಲ್ಲಕ್ಕಾ, ತುಳದಿದ್ದು ಎಡಗಾಲು. ಇದು ನನ್ನ ಹಳೇ ತಕ್ಲೀಫು, ಯೂರಿಕ್ ಆಸಿಡ್. ರಾತ್ರಿ ಸಿಗಡಿ ಜಾಸ್ತಿ ಆತು" ಎಂದು ಅವರು ಹಲ್ಲು ಕಚ್ಚಿಕೊಂಡು ಹೇಳಿದರು. ಉಳಿದವರೆಲ್ಲ ದೋಣಿ ಹತ್ತಿ ದ್ವೀಪ ನೋಡಲು ಹೊರಟರು. ನನಗೆ ಈಜು ಬಾರದು, ಅವರಿಗೆ ನಡೆಯಲು ಬಾರದು. ಇಬ್ಬರೂ ಉಳಿದೆವು.

ಹೋಟೆಲಿನವರು ಸುಮ್ಮನೆ ಕೂರಬೇಡಿ ಎಂದು ವ್ಯಾನಿನಲ್ಲಿ ಕೂರಿಸಿ ಕಡಲ ಪ್ರಾಣಿಗಳ ಸಂಗ್ರಹಾಲಯಕ್ಕೆ ಕಳಿಸಿದರು. ಅಲ್ಲಿ ಖಾದರ್ ಭಾಯಿಗೆ ಗಾಲಿ ಕುರ್ಚಿ ಕೊಟ್ಟರು, ತಳ್ಳುವ ಕೆಲಸ ನನ್ನದು. ಊದಿದ ಕಾಲು ಚಾಚಿ ಕುಳಿತ ಇವರನ್ನು ನೋಡಿ ಒಬ್ಬ ಹೆಂಗಸು ಹತ್ತಿರ ಬಂದು ಏನಾಯಿತೆಂದು ಕೇಳಿದರು. ಸುಮಾರು ನನ್ನ ವಯಸ್ಸು, ಕತ್ತರಿಸಿದ ಕೂದಲು, ಕೊರಳಲ್ಲಿ ಗುರುತಿನ ಚೀಟಿ. ಹೆಸರು ಮಾಲಿ. ಅವರ ಭಾಷೆಯಲ್ಲಿ ಮಲ್ಲಿಗೆ ಎಂದರ್ಥವಂತೆ. ಸತ್ತು ದಡಕ್ಕೆ ಬಂದ ಕಡಲ ಪ್ರಾಣಿಗಳನ್ನು ಕೊಯ್ದು, ಏಕೆ ಸತ್ತವೆಂದು ನೋಡುವುದು ಅವರ ಕೆಲಸ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯವು, ಅದಕ್ಕೇ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು.

ಯೂರಿಕ್ ಆಸಿಡ್ ಎಂದ ಕೂಡಲೇ ಮಾಲಿಯ ಮುಖ ಅರಳಿತು. "ಬನ್ನಿ ಬನ್ನಿ, ನಿಮಗೆ ಸರಿಯಾದ ಕೋಣೆ ಇದೆ" ಎಂದು ನಮ್ಮನ್ನು ಒಳಗೆ ಕರೆದೊಯ್ದರು.

ಕಳಕೊಂಡವರ ಕೋಣೆ

ಆ ಕೋಣೆಯಲ್ಲಿ ಇಟ್ಟಿದ್ದದ್ದು ಪ್ರಾಣಿಗಳಿಗೆ ಏನು ಬಂತೆಂಬ ಕಥೆಯಲ್ಲ, ಏನು ಹೋಯಿತೆಂಬ ಕಥೆ. ಮೈಯೊಳಗೆ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಜೀನ್ ಇರುತ್ತದಷ್ಟೆ. ಬಹುಕಾಲ ಬೇಕಾಗದಿದ್ದ ಜೀನ್ ಸಣ್ಣಪುಟ್ಟ ತಪ್ಪುಗಳು ಸೇರಿ ಸೇರಿ ಕೆಟ್ಟುಹೋಗುತ್ತದೆ, ಯಾರೂ ಮಾಡದ ಅಡುಗೆ ಮನೆಯಿಂದಲೇ ಮರೆತುಹೋಗುವ ಹಾಗೆ. ಕೆಲವು ಸಲ ಹೋದದ್ದರಿಂದಲೇ ಒಳ್ಳೆಯದೂ ಆಗುತ್ತದೆಂದು ಮಾಲಿ ಹೇಳಿದರು. ತಿಮಿಂಗಿಲದ ಪೂರ್ವಿಕರು ನೆಲದ ಮೇಲೆ ನಡೆಯುತ್ತಿದ್ದರಂತೆ. ನೀರಿಗಿಳಿದ ಮೇಲೆ ಮೈಯ ಕೂದಲು ಹೋಯಿತು. ಜಾಲರಿ ಬಾಯಿಯ ತಿಮಿಂಗಿಲಕ್ಕೆ ಹಲ್ಲೂ ಹೋಯಿತು, ಆದರೂ ಹೊಟ್ಟೆಯೊಳಗಿನ ಮರಿಗೆ ಹಲ್ಲಿನ ಮೊಳಕೆ ಮೂಡಿ, ಹುಟ್ಟುವ ಮುಂಚೆಯೇ ಕರಗಿಹೋಗುತ್ತದಂತೆ! ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು ಎಂದಾಗ ನಂಬಲಿಲ್ಲ. ನಮ್ಮ ಮನೆಯ ಬೆಕ್ಕು ಪಾಯಸಕ್ಕೆ ಬಾಯಿ ಹಾಕುತ್ತದಲ್ಲ ಎಂದೆ. ಅದು ಹಾಲಿಗೆ, ಸಕ್ಕರೆಗಲ್ಲ ಎಂದರು.

"ಮತ್ತ ನನ್ನ ಹೆಬ್ಬೆರಳು?" ಎಂದರು ಖಾದರ್ ಭಾಯ್.

ಹೆಚ್ಚಿನ ಪ್ರಾಣಿಗಳಲ್ಲಿ ಯೂರಿಕ್ ಆಸಿಡ್ಡನ್ನು ಒಡೆದುಹಾಕುವ ಜೀನ್ ಸರಿಯಾಗಿದೆ. ನಮ್ಮಲ್ಲಿ, ನಮ್ಮ ಹತ್ತಿರದ ವಾನರರಲ್ಲಿ ಅದು ಕೆಟ್ಟು ಯುಗಗಳೇ ಆದವು. ಹೀಗೆಂದು ಮಾಲಿ ಬಿಡಿಸಿ ಹೇಳಿದರು.

"ಯಾ ಅಲ್ಲಾ! ಬೀದಿ ನಾಯಿಗೆ ಇರೋದು ನನಗಿಲ್ಲೇನು?" ಖಾದರ್ ಭಾಯ್ ಕುರ್ಚಿಯಲ್ಲೇ ಕೈ ಮೇಲೆತ್ತಿದರು. ಮೂವರೂ ನಕ್ಕೆವು. ಪ್ರವಾಸದಲ್ಲಿ ನಾನು ನಿಶ್ಚಿಂತೆಯಿಂದ ನಕ್ಕದ್ದು ಅದೇ ಕೊನೆ.

ಕೋಣೆಯ ಕೊನೆಯಲ್ಲಿ ಕಡಲಹಸುವಿನ ಅಸ್ಥಿಪಂಜರ ತೂಗಿತ್ತು. ಎಮ್ಮೆಯಷ್ಟು ದೊಡ್ಡದು. ಕಡಲ ತಳದ ಹುಲ್ಲು ಮೇಯ್ದುಕೊಂಡು, ಮರಿಗೆ ಹಾಲೂಡಿಸಿಕೊಂಡು ತನ್ನ ಪಾಡಿಗೆ ತಾನಿರುವ ಬಡಪಾಯಿ. ಅದರ ಕೆಳಗಿನ ಫಲಕ ಓದತೊಡಗಿದೆ. ಅರ್ಧಕ್ಕೆ ಬಂದವಳು ಅಲ್ಲೇ ನಿಂತೆ. ಆರ್ಗನೊಫಾಸ್ಫೇಟ್ ಎಂದು ಬರೆದಿತ್ತು.

ಈ ಪದವನ್ನು ನಾನು ದಿನಾ ಓದುತ್ತೇನೆ. ಪರೀಕ್ಷೆಯಲ್ಲಿ ಬರೆದಿದ್ದೇನೆ. ನಮ್ಮ ಗೋಡೌನಿನ ಅರ್ಧ ಡಬ್ಬಿಗಳು ಅದೇ ಜಾತಿಯವು. ಕಡಲಾಚೆಯ ಊರಿನಲ್ಲಿ, ಸತ್ತ ಪ್ರಾಣಿಯ ಎಲುಬಿನ ಕೆಳಗೆ ಅದನ್ನು ಕಂಡಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ನಾನು ಹಿಂದೆ ಮುಂದೆ ನೋಡಿದೆ.

ವಿಷಯ ಇಷ್ಟು. ಈ ಜಾತಿಯ ವಿಷ ಮೈಗೆ ಸೇರಿದರೆ ಅದನ್ನು ಒಡೆಯಲು ಸಹಾಯ ಮಾಡುವ ಒಂದು ಜೀನ್ ನೆಲದ ಪ್ರಾಣಿಗಳಲ್ಲಿದೆ. ನೀರಿಗಿಳಿದ ತಿಮಿಂಗಿಲವೂ ಕಡಲಹಸುವೂ ಬೇರೆ ಬೇರೆಯಾಗಿ ಅದನ್ನು ಕಳಕೊಂಡಿವೆ. ಏಕೆಂದು ಪೂರ್ತಿ ಗೊತ್ತಿಲ್ಲ, ಕೊಬ್ಬು ಅರಗಿಸುವ ಬಗೆ, ನೀರಿನಲ್ಲಿ ಮುಳುಗುವ ಬಗೆ ಬದಲಾದದ್ದಕ್ಕಿರಬಹುದು. ಆಗ ಕಡಲಿನಲ್ಲಿ ಇಂಥ ವಿಷವೇ ಇರಲಿಲ್ಲ. ಆಮೇಲೆ ನಾವು ಬಂದೆವು. ಅವುಗಳ ರಕ್ತಕ್ಕೆ ಈ ವಿಷ ಬೆರೆಸಿ ನೋಡಿದಾಗ ರಕ್ತ ಅದನ್ನು ಒಡೆಯಲಾರದೆ ಹೋಯಿತಂತೆ.

"ನಾನು ಕೊಯ್ದು ನೋಡಿದವು ಬಲೆಗೆ ಸಿಕ್ಕು ಸತ್ತಿವೆ, ದೋಣಿ ಬಡಿದು ಸತ್ತಿವೆ, ಹುಲ್ಲಿಲ್ಲದೆ ಸತ್ತಿವೆ. ಹೊಲದ ವಿಷದಿಂದ ಸತ್ತವೆಂದು ನಾನು ಹೇಳಲಾರೆ" ಎಂದರು ಮಾಲಿ. "ಆದರೆ ಹೊಲದ ನೀರು ಬಂದು ಸೇರಿದರೆ ಅವುಗಳ ಕೈಯಲ್ಲಿ ಗುರಾಣಿಯೇ ಇಲ್ಲ."

ಹೊಲದ ನೀರು! ನಮ್ಮೂರ ಪಕ್ಕದ ದೇಶನೂರಿನ ಗದ್ದೆಗಳಿಗೆ ಎಣ್ಣೆ ಹೊಡೆದ ಮರುದಿನ ಬಸಿಗಾಲುವೆಯಲ್ಲಿ ಹರಿಯುವ ನೀರು ಕಣ್ಣ ಮುಂದೆ ಬಂತು. ಅದು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಅಲ್ಲಿಂದ ಇದೇ ಕಡಲಿಗೆ.

"ನಮಗೆ ಮನುಷ್ಯರಿಗೆ ಆ ಜೀನ್ ಇದೆ ಅಲ್ಲವೇ?" ಎಂದು ಅವಸರದಿಂದ ಕೇಳಿದೆ.

"ಇದೆ, ಎಲ್ಲರಿಗೂ ಇದೆ" ಎಂದರು. ನಾನು ಉಸಿರು ಬಿಟ್ಟೆ. ಮಾಲಿ ಮಾತು ಮುಂದುವರಿಸಿದರು. "ಕೆಲವರಲ್ಲಿ ಜೋರು, ಕೆಲವರಲ್ಲಿ ಮಂದ. ಬಸುರಿಯರಲ್ಲಿ ಸ್ವಲ್ಪ ತಗ್ಗುತ್ತದೆ. ಆಗ ತಾನೇ ಹುಟ್ಟಿದ ಕೂಸಿನಲ್ಲಿ ತೀರಾ ಕಡಿಮೆ, ನಮ್ಮ ಮಟ್ಟಕ್ಕೆ ಬರಲು ವರ್ಷಗಳೇ ಬೇಕು."

ಗಾಲಿ ಕುರ್ಚಿಯ ಹಿಡಿ ಬಿಟ್ಟುಬಿಟ್ಟೆ. ಸುಣ್ಣ ಬಳಿಸಿದ ಕೋಣೆ, ಹೊಸ ಮಂಚ, ಮಂಚದ ಕೆಳಗೆ ನೆಲ, ನೆಲದ ಕೆಳಗೆ ಗೋಡೌನು. ಒಡೆದ ಡಬ್ಬಿ ಸೋರಿದರೆ ಮರಳು ಹಾಕಿ ಗುಡಿಸುವುದು ಅಲ್ಲೇ. ಬೇಸಿಗೆಯಲ್ಲಿ ಅದರ ಘಾಟು ಮೆಟ್ಟಿಲು ಹತ್ತಿ ಬರುವುದು ಅದೇ ಕೋಣೆಗೆ. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದು ರೈತರಿಗೆ ಒಪ್ಪಿಸುವವಳು ನಾನೇ. ಮಕ್ಕಳ ಕೈಗೆ ಸಿಗಬಾರದೆಂದು ಎರಡೆರಡು ಬೀಗ ಹಾಕಿದ್ದೇವೆ. ಮೂಗಿಗೆ ಸಿಗುವುದೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಾಲಿಗೆ ಎಲ್ಲವನ್ನೂ ಹೇಳಿದೆ. "ನಾನು ಮನುಷ್ಯರ ಡಾಕ್ಟರಲ್ಲ. ಏನಾಗುತ್ತದೆ, ಆಗುವುದಿಲ್ಲ ಎಂದು ಹೇಳಲಾರೆ. ನನ್ನ ಮಗಳಾಗಿದ್ದರೆ ಅಲ್ಲಿ ಮಲಗಿಸುತ್ತಿರಲಿಲ್ಲ" ಎಂದರು.

ಮೀನುಗಳ ಮುಂದೆ

ಬಣ್ಣಬಣ್ಣದ ಮೀನಿನ ತೊಟ್ಟಿಯ ಮುಂದೆ ನಿಂತು ಅಶ್ವಿನಿಗೆ ಫೋನು ಹಚ್ಚಿದೆ. ಮಾತನ್ನು ಹದ ಮಾಡಿ ಹೇಳುವ ತಾಳ್ಮೆ ನನಗೆ ಯಾವತ್ತೂ ಇಲ್ಲ.

"ಅಶ್ವಿನಿ, ನೀ ಹೆರಿಗಿಗೆ ನಮ್ಮನಿಗೆ ಬರಬ್ಯಾಡ."

"ಯಾಕ ಯವ್ವಾ? ನಾನೇನ್ ತಪ್ಪು ಮಾಡೀನಿ?"

"ತಪ್ಪಲ್ಲವ್ವಾ. ಕೆಳಗ ಗೋಡೌನ್ ಐತಿ. ಕೂಸಿಗೆ ಆ ಘಾಟು ತಡಕೊಳ್ಳಾಕ ಆಗಂಗಿಲ್ಲ."

"ನಾನು ಬೆಳದಿದ್ದು ಅದಽ ಮನ್ಯಾಗಲ್ಲೇನು? ನನಗೇನಾಗೇತಿ?"

ಅಷ್ಟರಲ್ಲಿ ಫೋನಿನೊಳಗೆ ಬೀಗತಿ ಗಂಗಮ್ಮನ ದನಿ ಕೇಳಿಸಿತು. "ಚೊಚ್ಚಲ ಹೆರಿಗಿ. ತವರಿನವರಽ ಒಲ್ಲೆ ಅಂದ್ರ ಊರಾಗ ನಾವೇನ್ ಹೇಳೋಣ್ರಿ? ಅಲ್ಲಿ ಕುಂತು ಮಜಾ ಮಾಡ್ಕೋತ ಹಿಂಗ ಹೇಳೋದೇನು?" ಮಗಳ ಬಿಕ್ಕು ಕೇಳಿಸಿತು, ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಗಳನ್ನು ತವರಿಗೆ ಬರಬೇಡವೆಂದ ತಾಯಿ ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ಆ ಮೀನುಗಳ ಮುಂದೆ ನಿಂತು ಸೆರಗು ಬಾಯಿಗೆ ಹಿಡಿದು ಅತ್ತೆ.

ಮನೆಯವರಿಗೆ ಫೋನು ಮಾಡಿದರೆ, "ಬಿಸಲಾಗ ತಿರಗ್ಯಾಡಿ ತಲಿ ಕೆಟ್ಟೈತಿ ನಿನಗ. ಎಳನೀರು ಕುಡಿ" ಎಂದರು.

ಸಂಜೆ ಸನ್ಮಾನದ ಊಟ. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಮಹಿಳಾ ಡೀಲರ್ ಎರಡು ಮಾತಾಡಬೇಕೆಂದು ಮೈಕು ಕೊಟ್ಟರು. ನಾನು ಧನ್ಯವಾದ ಹೇಳಿ, ಕಂಪನಿಯ ದೊಡ್ಡ ಸಾಹೇಬರನ್ನು ಅವರ ಮಾತಾದ ತೆಲುಗಿನಲ್ಲೇ ಕೇಳಿಬಿಟ್ಟೆ, ನಿಮ್ಮ ಮಗಳ ಬಾಣಂತನವನ್ನು ನಿಮ್ಮ ಗೋಡೌನಿನ ಮೇಲೆ ಮಾಡುತ್ತೀರಾ ಎಂದು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ಸಾಹೇಬರು ನಗುನಗುತ್ತಲೇ, "ಕಂಗಾರು ಪಡಕಂಡಮ್ಮಾ, ಗಾಬರಿಯಾಗಬೇಡಿ. ಹೇಗೆ ಇಡಬೇಕೆಂದು ಎಲ್ಲಾ ಲೇಬಲ್ ಮೇಲೆ ಬರೆದಿದ್ದೇವೆ" ಎಂದರು. ಬರೆದಿದ್ದಾರೆ, ಸುಳ್ಳಲ್ಲ. ವಾಸದ ಮನೆಯಿಂದ ದೂರ ಇಡಿ ಎಂದು ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಬರೆದಿದೆ.

ಕೆಳಗೆ ಬಂದಾಗ ಖಾದರ್ ಭಾಯ್ ಮೆಲ್ಲಗೆ, "ಉಂಡ ಮನಿ ಜಂತಿ ಎಣಿಸಬಾರ್ದಕ್ಕಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು, "ನಮ್ಮ ಮೊಮ್ಮಗ ಅಂಗಡಿಯೊಳಗಽ ಆಡ್ತಾನ. ಹುಟ್ಟಿ ಇನ್ನೂ ವರ್ಷ ತುಂಬಿಲ್ಲ. ಏನ್ ಮಾಡ್ಲಿ?" ಪ್ಲೇಟಿನ ಸಿಗಡಿಯನ್ನು ಅವರು ಮುಟ್ಟಿರಲಿಲ್ಲ.

ಕುರುಗೋಡು

ಬೆಂಗಳೂರಿನಲ್ಲಿ ಇಳಿದು, ಬಳ್ಳಾರಿಗೆ ಬಂದು, ಸಿರುಗುಪ್ಪದ ಬಸ್ಸು ಬಿಟ್ಟು ಕುರುಗೋಡಿನ ಬಸ್ಸು ಹತ್ತಿದೆ. ಬೀಗರ ಮನೆಗೆ ಹೋಗುವಾಗ ಮುದುಡಿದ ಬಟ್ಟೆ ಸರಿಯಲ್ಲವೆಂದು, ಊರಿನಿಂದ ತಂದು ಉಡದೆ ಉಳಿಸಿಕೊಂಡಿದ್ದ ಇಳಕಲ್ ಸೀರೆಯನ್ನು ಬೆಂಗಳೂರಿನಲ್ಲೇ ಉಟ್ಟಿದ್ದೆ.

ಗಂಗಮ್ಮ ಬಾಗಿಲಲ್ಲೇ ಇದ್ದರು. ಬನ್ನಿ ಅನ್ನಲಿಲ್ಲ.

"ಯಕ್ಕಾ, ಬಾಣಂತನ ನಾನಽ ಮಾಡ್ತೀನಿ. ಆದ್ರ ಇಲ್ಲೇ ಮಾಡ್ತೀನಿ" ಎಂದೆ. "ಜನ ಏನಾರ ಅನ್ಲಿ. ತವರಿನಾಕಿ ಅಳಿಯನ ಮನ್ಯಾಗ ಕುಂತು ಉಂಡ್ಳು ಅನ್ಲಿ, ನಾ ಕೇಳಿಸಿಕೊಳ್ತೀನಿ. ನೀವು ಒಂದು ಮೂಲಿ ಕೊಡ್ರಿ ಸಾಕು."

ಬಿಗಿದಿದ್ದ ಅವರ ಮುಖ ಸ್ವಲ್ಪ ಸಡಿಲವಾಯಿತು. "ಒಳಗ ಬರ್ರಿ, ಬಿಸಲಾಗ ಎಷ್ಟೊತ್ತು ನಿಲ್ತೀರಿ" ಎಂದರು.

ನಡುಮನೆಯ ಮಗ್ಗುಲ ಕೋಣೆ ತೋರಿಸಿದರು. ಬಾಗಿಲ ಹಿಂದೆ ಎಣ್ಣೆ ಹೊಡೆಯುವ ಪಂಪು, ಅದರ ಪಕ್ಕ ಅರ್ಧ ಉಳಿದ ಎರಡು ಡಬ್ಬಿ. ನಾನು ಕೂಗಿದ ಕೂಗಿಗೆ ಅಳಿಯ ಓಡಿಬಂದ. "ಇವು ನಿಮ್ಮ ಅಂಗಡೀವಽ ಅಲ್ರಿ ಅತ್ತಿ?" ಎಂದ ಪಾಪ, ಏನೂ ತಿಳಿಯದೆ. ನಮ್ಮವೇ, ಬೀಗರಿಗೆಂದು ನಾನೇ ಆರಿಸಿ ಕೊಟ್ಟವು. ಆಗಿಂದಾಗಲೇ ಎಲ್ಲವನ್ನೂ ಹೊಲದ ಶೆಡ್ಡಿಗೆ ಸಾಗಿಸಿದೆ. ಕೋಣೆಯ ನೆಲ ತೊಳೆಸಿ ಕಿಟಕಿ ತೆರೆಸಿದೆ.

ಅಶ್ವಿನಿ ಅಷ್ಟು ಹೊತ್ತೂ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೂ ತಿರುಗಲಿಲ್ಲ. ನಾನು ಮಂಚದ ಅಂಚಿಗೆ ಕುಳಿತು ಬೆನ್ನ ಮೇಲೆ ಕೈಯಿಟ್ಟೆ. ಸ್ವಲ್ಪ ಹೊತ್ತು ಗಟ್ಟಿಯಾಗಿದ್ದವಳು ಒಮ್ಮೆಲೇ ತಿರುಗಿ, ನನ್ನ ಮಡಿಲಿಗೆ ಮುಖ ಹಾಕಿ ಹೋ ಎಂದು ಅತ್ತಳು. ಅತ್ತು ಸಾಕಾದ ಮೇಲೂ ಮುಖ ಎತ್ತಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದಳು.

"ಈ ವಾಸನಿ ಎಷ್ಟ್ ದಿನ ಆಗಿತ್ತು ಯವ್ವಾ" ಎಂದಳು. "ಮದಿವಿ ಆಗಿ ಬಂದಾಗ ನಿನ್ನ ಹಳೇ ಸೀರಿ ಒಂದು ತಂದಿದ್ದೆ. ತಲಿ ಕೆಳಗ ಇಟ್ಕೊಂಡು ಮಲಗ್ತಿದ್ದೆ. ಒಗದ್ಮ್ಯಾಲೆ ಹೋತು. ನಮ್ಮನಿ ವಾಸನಿ, ನಿನ್ನ ವಾಸನಿ."

ಸೆರಗನ್ನು ನಾನೂ ಮೂಸಿದೆ. ನನಗೇನೂ ತಿಳಿಯಲಿಲ್ಲ. ಆ ಸೀರೆ ಯಾವ ಬೀರುವಿನಲ್ಲಿತ್ತು, ಆ ಬೀರು ಯಾವುದರ ಮೇಲಿತ್ತು ಎಂಬುದು ಮಾತ್ರ ಗೊತ್ತಿತ್ತು. ನನ್ನ ಮಗಳು ತಾಯಿ ಎಂದುಕೊಂಡು ಉಸಿರಾಡುತ್ತಿದ್ದುದು ಗೋಡೌನಿನ ಆ ಘಾಟನ್ನು.

ಅವಳ ಬೆರಳುಗಳನ್ನು ಸೆರಗಿನಿಂದ ಒಂದೊಂದಾಗಿ ಬಿಡಿಸಿ ಹಿತ್ತಿಲಿಗೆ ಹೋದೆ. "ಯಕ್ಕಾ, ಮೈ ತೊಳಕೊಳ್ಳಾಕ ಬಿಸಿನೀರು ಕೊಡ್ರಿ. ನಿಮ್ಮದೊಂದು ಸೀರಿನೂ ಕೊಡ್ರಿ" ಎಂದೆ. ಬೀಗರ ಮನೆಗೆ ಸೀರೆ ಒಯ್ಯಬೇಕಾದವಳು ಸೀರೆ ಬೇಡುತ್ತಿದ್ದಾಳಲ್ಲ ಎಂದು ಗಂಗಮ್ಮ ಕಣ್ಣರಳಿಸಿ ನೋಡಿದರು, ಆದರೂ ತಂದುಕೊಟ್ಟರು. ತಲೆಗೂ ಮೈಗೂ ಸೀಗೆಪುಡಿ ಹಚ್ಚಿ ಚರ್ಮ ಉರಿಯುವವರೆಗೆ ತಿಕ್ಕಿಕೊಂಡೆ. ಗಂಗಮ್ಮನ ನೂಲಿನ ಸೀರೆ ಉಟ್ಟು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೋಗಿ ಅದೇ ಮಂಚದ ಮೇಲೆ ಕುಳಿತೆ.

ಅಶ್ವಿನಿ ಮತ್ತೆ ಮಡಿಲಿಗೆ ತಲೆಯಿಟ್ಟಳು. ಸೀರೆಗೆ ಮೂಗೊತ್ತಿ ಉಸಿರೆಳೆದು, ತಲೆ ಎತ್ತಿ ನನ್ನ ಮುಖ ನೋಡಿದಳು.

"ನೀನಲ್ಲ ಅನಸ್ತೈತಿ ಯವ್ವಾ."

"ಅನಸ್ಲಿ ಬಿಡವ್ವಾ" ಎಂದೆ. "ಕೂಸು ಬರೋದ್ರೊಳಗ ರೂಢಿ ಮಾಡ್ಕೋ."